ಕೇಬಲ್ ಬೇಡ ಅಂದವರು

ಟಿವಿಯಲ್ಲಿ ಬರುವ ಹಾಸ್ಯಕ್ಕಿಂತ ಟಿವಿ ಬರದಿದ್ದಾಗ ನಡೆಯುವ ಹಾಸ್ಯವೇ ಜೋರು. ಗುಬ್ಬಿಯಲ್ಲಿ ನಮ್ಮ ಯಜಮಾನರದು ಕೇಬಲ್ ಕನೆಕ್ಷನ್ ಕೊಡುವ ಕೆಲಸ. ಅವರು ಕಂಬ ಹತ್ತಿದರೆ ನಾನು ಮಗಳನ್ನು ಕೌಂಟರ್ ಮೇಲೆ ಕೂರಿಸಿಕೊಂಡು ಆಫೀಸ್ ನೋಡಿಕೊಳ್ಳುತ್ತೇನೆ. ಈಚೆಗೆ ಸಿನಿಮಾ, ಕ್ರಿಕೆಟ್ ಎಲ್ಲ ಒಂದೊಂದಾಗಿ ಫೋನಿನ ಆ್ಯಪ್‌ಗಳ ಪಾಲಾದವು. ಜನ ಕೇಬಲ್ ಬಾಕ್ಸ್ ವಾಪಸ್ ತಂದು ಕೌಂಟರ್ ಮೇಲೆ ಇಟ್ಟು ಹೋಗತೊಡಗಿದರು. ಹೀಗೇ ಎಲ್ಲರೂ ತಂದಿಟ್ಟರೆ ನಾವು ಅಂಗಡಿ ಬಾಗಿಲು ಹಾಕಬೇಕು. ಅಂಥ ಸಂಕಟದಲ್ಲೂ ನಗು ಬಂದರೆ ನಾನೇನು ಮಾಡಲಿ?

ಮ್ಯಾಚ್ ಮಾರಿದವರು

ಕೊಬ್ಬರಿ ವ್ಯಾಪಾರಿ ಒಬ್ಬರು ಸಿಟ್ಟಾಗಿ ಬಂದರು.

"ಏನಮ್ಮಾ, ಮ್ಯಾಚ್ ಯಾಕೆ ಬರ್ತಿಲ್ಲ?"

"ಅದನ್ನ ಫಾರಿನ್ ಕಂಪನಿ ಕೊಂಡ್ಕೊಂಡೈತೆ ಅಣ್ಣ. ಇನ್ಮೇಲೆ ಫೋನಲ್ಲೇ."

"ನಮ್ಮ ಹುಡುಗ್ರು ಆಡೋ ಆಟಾನ ಅವರು ಹೆಂಗೆ ಕೊಂಡ್ಕೊಳ್ತಾರೆ?"

"ನಮ್ಮೂರ ಕೊಬ್ಬರೀನ ನೀವು ದಿಲ್ಲಿ ಕಡೆಯೋರಿಗೆ ಮಾರಲ್ವಾ? ಹಂಗೇ."

"ಮಾರ್ತೀನಿ. ಆದ್ರೆ ಮನೇಲಿ ಚಟ್ನಿಪುಡಿಗೆ ಅಂತ ಒಂದಿಷ್ಟು ಎತ್ತಿಟ್ಕೊಂಡೇ ಮಾರ್ತೀನಿ ಕಣಮ್ಮಾ. ಮ್ಯಾಚ್ ಮಾರಿದೋರಿಗೆ ಅಷ್ಟೂ ಬುದ್ಧಿ ಬ್ಯಾಡ್ವಾ?"

ನಲ್ಲಿ ಹತ್ತಿರದ ಚಾನಲ್

ಹಿಂದಿನ ಬೀದಿಯ ಅಜ್ಜಿಗೆ ಮೊಮ್ಮಗಳು ಫೋನಿಗೆ ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ನಾಳೆಯ ಧಾರಾವಾಹಿ ಇವತ್ತೇ ಸಿಗುತ್ತದೆ. ಅಜ್ಜಿ ನೋಡಿ ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ಬೆಳಗ್ಗೆ ನೀರು ಹಿಡಿಯಲು ಬಂದವರಿಗೆಲ್ಲ ಕಥೆ ಹೇಳತೊಡಗಿತು. ಸಂಜೆ ಟಿವಿ ಹಾಕುವವರೇ ಇಲ್ಲ. ಆ ಬೀದಿಯಿಂದಲೂ ಬಾಕ್ಸ್ ವಾಪಸ್ ಬರತೊಡಗಿದವು.

ಜಗಳಕ್ಕೆಂದೇ ನಲ್ಲಿ ಹತ್ತಿರ ಹೋದೆ. "ಅಜ್ಜೀ, ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡ. ಕಥೆ ಹೇಳೋದು ನಿಲ್ಸು."

"ನಿಮ್ಮ ಟಿವೀಲಿ ಸೋಪು, ಎಣ್ಣೆ ಮಧ್ಯೆ ಚೂರು ಕಥೆ ಬತ್ತದೆ. ನಾನು ಒಂದು ಬಿಂದಿಗೆ ತುಂಬೋದ್ರೊಳಗೆ ಪೂರ್ತಿ ಮುಗಿಸ್ತೀನಿ. ಜನ ಯಾವುದು ಕೇಳ್ತಾರೆ?"

ನಾನು ದನಿ ತಗ್ಗಿಸಿ, "ಹೋಗ್ಲಿ, ನಾಳೆ ಆ ಅತ್ತೆ ಸಿಕ್ಕಿಬೀಳ್ತಾಳಾ?" ಅಂದೆ.

ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿತು: "ನೋಡ್ರೇ, ಕೇಬಲ್‌ನೋಳೂ ನನ್ನ ಹತ್ರಾನೇ ಕನೆಕ್ಷನ್ ತಗೊಂಡ್ಲು!"

ತುಮಕೂರಿನ ಮೀಟಿಂಗು

ಟಿವಿ ಕಂಪನಿಯವರು ಕೇಬಲ್‌ನವರನ್ನೆಲ್ಲ ತುಮಕೂರಿನ ಹೋಟೆಲಿಗೆ ಕರೆಸಿದರು. ಯಜಮಾನರಿಗೆ ಜ್ವರ, ಮಗಳನ್ನು ಎತ್ತಿಕೊಂಡು ನಾನೇ ಹೋದೆ. ದೊಡ್ಡ ಸಾಹೇಬರು ಮೈಕ್ ಹಿಡಿದು, "ಆ್ಯಪ್‌ಗಳಿಗೆ ಹೆದರಬೇಡಿ. ಮನೆಮಂದಿಯೆಲ್ಲ ಕೂತು ನೋಡೋ ಟಿವಿ ಮುಂದೆ ಫೋನ್ ಯಾವ ಲೆಕ್ಕ?" ಎಂದು ಗುಡುಗಿ ಕೂತರು. ಅವರ ಕೈಕೆಳಗಿನವರು ಮಾತಿಗೆ ಎದ್ದರು. ಆ ಮಾತಿನ ನಡುವೆ ಮುಂದಿನ ಸಾಲಿನಿಂದ "ಸಿಕ್ಸ್!" ಎಂಬ ಕೂಗು. ನೋಡಿದರೆ ದೊಡ್ಡ ಸಾಹೇಬರೇ, ಮೇಜಿನ ಕೆಳಗೆ ಫೋನು.

ಕುಣಿಗಲ್‌ನಿಂದ ಬಂದಿದ್ದ ಕೇಬಲ್‌ನವರು ಎದ್ದು ನಿಂತು ಕೈಮುಗಿದರು. "ಸಾರ್, ಸ್ವಲ್ಪ ಮೇಲೆ ಎತ್ತಿ ಹಿಡೀರಿ. ಮನೆಮಂದಿಯೆಲ್ಲ ನೋಡ್ತೀವಿ."

ಬೈಯುವುದಕ್ಕೆ ಕನೆಕ್ಷನ್

ರಿಟೈರಾದ ಮೇಷ್ಟ್ರೊಬ್ಬರು ನಮ್ಮ ಹಳೇ ಗಿರಾಕಿ. ಕರೆಂಟ್ ಹೋದರೂ ನಮಗೇ ಬೈಗುಳ, ಮಳೆ ಬಂದರೂ ನಮಗೇ. ಅವರೂ ಒಂದು ದಿನ ಬಾಕ್ಸ್ ತಂದು ಕೌಂಟರ್ ಮೇಲೆ ಕುಕ್ಕಿದರು. "ಮಗಳು ಆ್ಯಪ್ ಹಾಕ್ಸಿದ್ದಾಳೆ. ಇನ್ನು ನಿಮ್ಮ ಸಹವಾಸ ಸಾಕು." ಮೇಷ್ಟ್ರೇ ಬಿಟ್ಟ ಮೇಲೆ ಅವರ ಬೀದಿಯವರೂ ಬಿಡುತ್ತಾರೆ ಎಂದು ಯಜಮಾನರು ಊಟ ಮಾಡದೆ ಕೂತರು.

ಕೆಲವು ದಿನ ಕಳೆಯಿತು. ಮೇಷ್ಟ್ರು ಮತ್ತೆ ಬಂದರು. ಮುಖ ಬಾಡಿತ್ತು.

"ಆ ಆ್ಯಪು ಗಿರಗಿರ ಸುತ್ತುತ್ತೆ ಕಣಮ್ಮಾ, ಚಿತ್ರ ಬರಲ್ಲ. ಕಂಪನಿಗೆ ಫೋನ್ ಮಾಡಿದ್ರೆ ಯಾವಳೋ ಒಂದು ಒತ್ತಿ, ಎರಡು ಒತ್ತಿ ಅಂತಾಳೆ. ನಾನು ಬೈದಷ್ಟೂ ಧನ್ಯವಾದ ಅಂತಾಳೆ. ಅವಳಿಗೆ ಬೈದ್ರೆ ಮನಸ್ಸಿಗೆ ತೃಪ್ತೀನೇ ಇಲ್ಲ. ನಿಮ್ಮಂಥ ದಂಡಪಿಂಡಗಳು..."

ನಾನು ತಡೆದೆ. "ಮೇಷ್ಟ್ರೇ, ನಮ್ಮನ್ನ ಬೈಯೋ ಹಂಗಿಲ್ಲ. ನೀವೀಗ ನಮ್ಮ ಗಿರಾಕಿ ಅಲ್ಲ."

"ಅದಕ್ಕೇ ಬಂದಿರೋದು. ಬೇಗ ಬಾಕ್ಸ್ ಕೊಡು!"

ಯಜಮಾನರು ಓಡಿಹೋಗಿ ಬಾಕ್ಸ್ ಕೂರಿಸಿ ಬಂದರು. ಅವರು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು.

"ಏನಮ್ಮಾ, ಚಿತ್ರ ಎಲ್ಲ ಗೆರೆ ಗೆರೆ! ಮಾನ ಮರ್ಯಾದೆ ಇದೆಯಾ ನಿಮಗೆ?"

ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: "ರೀ, ಟಿವಿ ಇನ್ನೂ ಆನ್ ಮಾಡಿಲ್ಲ!"