ಮೂರು ಕಪ್ಪು ಗೆರೆಗಳು

ತಾನು ಬಣ್ಣವಿಲ್ಲದವನಾಗಿದ್ದೂ ನವಿಲಿನ ಗರಿಗೆ ಅಷ್ಟೆಲ್ಲ ಬಣ್ಣ ಬರೆದ ಪರಮಾತ್ಮನಿಗೆ ಮಣಿದು, ಒಬ್ಬ ಸಂಶೋಧಕನ ಒಂದು ದಿನದ ಪಾಡನ್ನು ಹೇಳುತ್ತೇನೆ.

ಅಂಟಿನ ಮೇಲೆ ಆರು ವರ್ಷ ಸಂಶೋಧನೆ ಮಾಡಿ, ಆ ವಿಷಯಕ್ಕೆ ತಾನೇ ಅಂಟಿಕೊಂಡುಬಿಟ್ಟಿದ್ದ ಅವನ ಮಹಾಪ್ರಬಂಧವನ್ನು ಬೆಳಿಗ್ಗೆ ತಿರುವಿಹಾಕುತ್ತಿದ್ದ ಮಾರ್ಗದರ್ಶಕರು ನಲವತ್ತನೆಯ ಪುಟದಲ್ಲಿ ನಿಂತರು. ಯಾವ ಅಂಟು ಎಷ್ಟು ಭಾರ ತಡೆಯುತ್ತದೆಂದು ತೋರಿಸುವ ನಕ್ಷೆ ಅದು. ಅವನು ಕಂಡುಹಿಡಿದ ಅಂಟು ಕೆಂಪು ಗೆರೆ, ಅಂಗಡಿಯದು ನೀಲಿ, ಹೋಲಿಕೆಗೆಂದು ಹೆಂಡತಿ ಮನೆಯಲ್ಲಿ ಕಾಯಿಸಿಕೊಟ್ಟ ಹಿಟ್ಟಿನ ಅಂಟು ಹಸಿರು ಎಂದು ಕೆಳಗೆ ಬರೆದಿತ್ತು. ಅಚ್ಚಿನಲ್ಲಿ ಮಾತ್ರ ಮೂರೂ ಕಾಡಿಗೆ ತೀಡಿದಂತೆ ಕಪ್ಪಗಿದ್ದವು.

"ಇದ್ರಲ್ಲಿ ನಿಂದು ಯಾವ್ದಪ್ಪಾ?"

"ಎಲ್ಲಕ್ಕಿಂತ ಮೇಲಿರೋದು, ಸರ್."

ನಕ್ಷೆಯನ್ನು ಅವನು ಕಂಡಿದ್ದೆಲ್ಲ ಈ ಕಪ್ಪಿನಲ್ಲೇ. ಅಷ್ಟು ಎತ್ತರದ ಗೆರೆ ಬೇರೆಯವರದಿರಬಹುದೆಂಬ ಸಂದೇಹ ಅವನ ಬಳಿ ಸುಳಿದಿರಲಿಲ್ಲ.

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಬಣ್ಣ ಬರಿಸ್ಕೊಂಡು ಐದು ಗಂಟೆಯೊಳಗೆ ತಾ. ಇಲ್ದಿದ್ರೆ ಬರೋ ವರ್ಷ ನೋಡೋಣ."

ಪ್ರಯೋಗಾಲಯದಲ್ಲಿ ಸಂಶೋಧಕನ ಪಕ್ಕದ ಮೇಜಿನಲ್ಲೊಬ್ಬನಿದ್ದ. ಯಾರ ಕೆಲಸಕ್ಕಾದರೂ 'ಒಂದ್ನಿಮಿಷ' ಎನ್ನುತ್ತ ಕೈಹಾಕುತ್ತಿದ್ದುದರಿಂದ ಅದೇ ಅವನ ಹೆಸರಾಗಿತ್ತು. ಸುದ್ದಿ ಕೇಳಿ ಬಂದು ಕೂತ ಒಂದ್ನಿಮಿಷ ಮೂರು ಗಂಟೆಯವರೆಗೆ ಏಳಲಿಲ್ಲ. ದೋಷವೆಲ್ಲ ಪ್ರಿಂಟರಿನದೆಂದು ಅದರ ಹೊಟ್ಟೆ ಬಗೆದ. ಬಣ್ಣವೇನೋ ಬಂದಿತು, ಸಂಶೋಧಕನ ಅಂಗಿಗೆ. ಬಳಿಕ ಕಂಪ್ಯೂಟರಿನ ಕಡತದಲ್ಲಿ ಏನನ್ನೋ ತಿದ್ದಿದ. ಇನ್ನೂರು ಪುಟಗಳ ಅಕ್ಷರಗಳೆಲ್ಲ ದಾಸವಾಳದಂತೆ ಕೆಂಪಾದವು, ಆ ಮೂರು ಗೆರೆಗಳು ಜಪ್ಪಯ್ಯ ಎನ್ನಲಿಲ್ಲ. ಅಕ್ಷರಗಳನ್ನು ಮತ್ತೆ ಕಪ್ಪು ಮಾಡಲು ಇನ್ನೊಂದು ಗಂಟೆ ಹಿಡಿಯಿತು.

ಈ ನಡುವೆ ಹೆಂಡತಿ ಫೋನು ಮಾಡಿ, ತನ್ನ ಹಿಟ್ಟಿನ ಅಂಟಿನ ಗತಿಯೇನಾಯಿತೆಂದು ವಿಚಾರಿಸಿದಳು.

"ತಳ ಹಿಡಿದಿದೆ ಕಣೇ, ಇಡು," ಎಂದು ಅವನು ರೇಗಿದ.

ನಾಲ್ಕೂವರೆಗೆ ಗ್ರಂಥಾಲಯದ ಅಕ್ಕ ಇಣುಕಿ, ಕಂಪ್ಯೂಟರಿನಿಂದ ನಕ್ಷೆ ಬರೆಸಲು ಅವನು ಪರದೆಯಲ್ಲಿ ಬರೆದಿದ್ದ ಆಜ್ಞೆಯ ಸಾಲನ್ನು ಕನ್ನಡಕದ ಮೇಲಿಂದ ಓದಿದರು.

"ಅಲ್ಲಪ್ಪಾ, ಬಣ್ಣ ಬೇಕು ಅಂತ ಇದಕ್ಕೆ ನೀನು ಹೇಳೇ ಇಲ್ವಲ್ಲ. ಕೇಳ್ದೆ ಅದ್ಯಾಕೆ ಕೊಡುತ್ತೆ?"

ಸಾಲಿನ ಕೊನೆಗೆ 'ಬಣ್ಣ' ಎಂಬ ಒಂದೇ ಪದವನ್ನು ಸೇರಿಸಿದರು. ಪುಟ ಹೊರಬಿತ್ತು. ಅಂಚಿನಲ್ಲಿ ಬಣ್ಣ ಕಂಡದ್ದೇ ಸಾಕೆಂದು ಅವನು ಅದನ್ನು ಎದೆಗವಚಿಕೊಂಡು ಮೆಟ್ಟಿಲೇರಿ ಓಡಿದ. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು.

ಮಾರ್ಗದರ್ಶಕರು ಗೆರೆಗಳನ್ನು ಕೆಳಗಿನ ಬರಹದೊಡನೆ ಹೋಲಿಸಿ ನೋಡಿದರು. ಆಮೇಲೆ ಪುಟವನ್ನು ಅವನತ್ತ ತಿರುಗಿಸಿದರು. ಎಲ್ಲಕ್ಕಿಂತ ಮೇಲಿನ ಗೆರೆ ಹಚ್ಚಹಸಿರಾಗಿತ್ತು. ತಳ ಹಿಡಿದಿದ್ದುದು ಕೆಂಪು.

"ಬಣ್ಣ ಬಯಲಾಯ್ತಲ್ಲಪ್ಪಾ," ಎಂದರು ಅವರು ಮೆಲ್ಲಗೆ. "ಬರೋ ವರ್ಷ ನೋಡೋಣ. ಬರೋವಾಗ ಮನೆಯವರನ್ನೂ ಕರ್ಕೊಂಡು ಬಾ. ಆ ಅಂಟು ಹೇಗೆ ಕಾಯಿಸಿದ್ರು ಅಂತ ಕೇಳ್ಬೇಕು."

ಈ ಕತೆಯನ್ನು ಕೇಳಿದವರೆಲ್ಲರ ಬಾಳಿನಲ್ಲಿ ಅವರವರ ಗೆರೆಗೆ ಅವರವರ ಬಣ್ಣ ಸಕಾಲದಲ್ಲಿ ಕೂಡಿಬರಲಿ. ಮನೆಯ ಅಂಟು ಎಂದಿಗೂ ಬಿಡದಿರಲಿ. ಸರ್ವರಿಗೂ ಮಂಗಳವಾಗಲಿ.