ಮೋಟಾರಿನ ಮೇಕೆ

ಅಮಲ್ದಾರರ ಚೀಟಿಯಲ್ಲಿದ್ದುದು ಒಂದೇ ಸಾಲು: 'ಅಜ್ಜಂಪುರದ ಕೆರೆ ಏರಿಯ ಬಳಿ ನಿಂತಿರುವ ಮೋಟಾರಿನ ಮೇಕೆ ಪತ್ತೆ ಮಾಡಿ, ಸಂಜೆ ಜವಾನ ಬರುವಷ್ಟರಲ್ಲಿ ಸಿದ್ಧವಿಡತಕ್ಕದ್ದು.'

ಶಾನುಭೋಗ ಗಂಗಾಧರಯ್ಯನವರು ಓದಿ ನಕ್ಕರು. ತರೀಕೆರೆ ಕಚೇರಿಯ ಗುಮಾಸ್ತನಿಗೆ ಇಂಗ್ಲಿಷ್ ಬಾರದು! 'ಮೇಕ್' ಎನ್ನುವುದನ್ನು 'ಮೇಕೆ' ಎಂದು ಗೀಚಿದ್ದಾನೆ. ಮೋಟಾರು ಮಾಡಿದ ಕಂಪನಿ ಯಾವುದು ಎಂದಲ್ಲವೇ ಅದರರ್ಥ? ಲೋಯರ್ ಸೆಕೆಂಡರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರೂ ಇಂಗ್ಲಿಷಿನಲ್ಲಿ ತಮ್ಮ ಸಮ ಊರಲ್ಲಿಲ್ಲ ಎಂದೇ ಅವರ ನಂಬಿಕೆ. ಆದರೆ ನಗು ಬೇಗ ಇಂಗಿತು. "ಇನ್ನೊಂದು ಸಲ ತಪ್ಪಿದ್ರೆ ಶಾನುಭೋಗಿಕೆ ನಿಮ್ಮ ದಾಯಾದಿಗೆ" ಎಂದು ಅಮಲ್ದಾರರು ಹೋದ ತಿಂಗಳಷ್ಟೇ ಗುಡುಗಿದ್ದರು.

ಹಿಂದಿನ ದಿನ ಪೆಟ್ರೋಲ್ ಮುಗಿದು ನಿಂತಿದ್ದ ಮೋಟಾರದು. ಅದರ ಯಜಮಾನ, ಬಿಳಿಯ ದೊರೆ, ಎತ್ತಿನ ಗಾಡಿ ಹತ್ತಿ ತರೀಕೆರೆಗೆ ಹೋಗಿದ್ದ. ಮೈತುಂಬ ಕೆಸರು ಮೆತ್ತಿಕೊಂಡು, ಕೆರೆಯಿಂದ ಎದ್ದು ಬಂದ ಎಮ್ಮೆಯಂತೆ ಅದು ನಿಂತಿತ್ತು.

ಏರಿಯ ಪಕ್ಕದ ಗುಡಿಸಲಿನ ಲಿಂಗಮ್ಮ ಕೇಳಿದಳು, "ಏನು ಹುಡುಕ್ತೀರಾ ಬುದ್ಧೀ?"

"ಮೋಟಾರಿನ ಮೇಕು."

"ಮೇಕೇನಾ? ಅಗೋ, ಅಲ್ಲೇ ಪೊದೇತಾವ ಮೇಯ್ತಾ ಐತಲ್ಲ!"

"ಅದು ಮೇಕೆ ಅಲ್ಲಮ್ಮ! ಇದು ಇಂಗ್ಲಿಷಿನ ವಿಷಯ, ನಿನಗೆ ತಿಳಿಯೋಲ್ಲ."

ಟೈರಿನ ಮೇಲೆ ಅಕ್ಷರ ಕಂಡವು. ಕೂಡಿಸಿ ಓದಿ, 'ಡನ್ಲಪ್' ಎಂದು ಬರೆದುಕೊಂಡರು. ಸೈಕಲ್ಲಿನಲ್ಲಿ ಬಂದಿಳಿದ ಅಂಗಡಿ ಓಂಕಾರಮೂರ್ತಿ ಇಣುಕಿ ನೋಡಿದ.

"ಸ್ವಾಮೀ, ನನ್ ಸೈಕಲ್ ಟೈರಿನ ಮೇಲೂ ಅದೇ ಐತೆ. ಹಂಗಾದ್ರೆ ಇವೆರಡೂ ಅಣ್ಣತಮ್ಮ ಏನ್ರೀ?"

ಗಂಗಾಧರಯ್ಯನವರು ಬರೆದದ್ದಕ್ಕೆ ಗೀಟು ಹೊಡೆದು ಮೋಟಾರಿನ ಅಡಿಗೆ ತೂರಿದರು. ಅಭ್ಯಂಜನಕ್ಕೆ ಕೂತವರಂತೆ ಜುಟ್ಟಿನ ತುಂಬ ಕರಿ ಎಣ್ಣೆ ಇಳಿಯಿತು. ಅತ್ತ ಬಿಳಿ ಮೇಕೆಯೊಂದು ಬಂದು ಉತ್ತರೀಯ ಅಗಿಯತೊಡಗಿತು.

"ಲಿಂಗಮ್ಮಾ! ಈ ಪೀಡೆ ಯಾರದು? ಹೊಡ್ಕೊಂಡು ಹೋಗು!"

"ನಮ್ದಲ್ಲ ಬುದ್ಧೀ..."

"ಯಾರದಾದ್ರೂ ಆಗ್ಲಿ, ಇನ್ಮೇಲೆ ನಿಂದೇ. ನನ್ನ ಕಣ್ಣಿಗೆ ಬೀಳಬಾರ್ದು!"

ಕಡೆಗೆ ಚಕ್ರದ ನಡುವಿನ ಬಿಲ್ಲೆಯ ಕೆಸರನ್ನು ಪಂಚೆಯ ತುದಿಯಿಂದ ಉಜ್ಜಿದಾಗ ಹಿತ್ತಾಳೆ ಹೊಳೆಯಿತು: 'ಹಂಬರ್'. ಗಂಗಾಧರಯ್ಯನವರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ವರದಿ ಬರೆದರು.

ಸಂಜೆ ಜವಾನ ಬಂದ. ವರದಿ ಕೈಗಿತ್ತರೆ, ಅವನು ಅದರ ಹಿಂದೆ ಮುಂದೆ ನೋಡಿದ.

"ಇದೇನ್ ಸ್ವಾಮಿ? ಎಲ್ಲಿ ಮೇಕೆ?"

"ಅದರಲ್ಲೇ ಇದೆಯಲ್ಲಪ್ಪ."

"ಕಾಗದ್ದಾಗೆ ಹೆಂಗಿರ್ತದೆ? ದೊರೆ ಹಸುವಿನ ಹಾಲು ಕುಡಿದ್ರೆ ಹೊಟ್ಟೆ ಹಿಡ್ಕೋತಾರೆ. ಹೋದಲ್ಲೆಲ್ಲ ಮೋಟಾರಾಗೆ ಒಂದು ಬಿಳೀ ಮೇಕೆ ಕರ್ಕೊಂಡೇ ಹೋಗ್ತಾರೆ. ನಿನ್ನೆ ಹಗ್ಗ ಬಿಚ್ಕೊಂಡು ಇಲ್ಲೇ ಎಲ್ಲೋ ಓಡ್ತಂತೆ. ಬೆಳಿಗ್ಗೆಯಿಂದ ಅವರು ಹಾಲಿಲ್ದೆ ಒದ್ದಾಡ್ತಾವ್ರೆ, ಅಮಲ್ದಾರ್ರು ಅವರ ಮುಂದೆ ಒದ್ದಾಡ್ತಾವ್ರೆ!"

ಗಂಗಾಧರಯ್ಯನವರು ಏರಿಯತ್ತ ಓಡಿದರು. "ಲಿಂಗಮ್ಮಾ, ಆ ಮೇಕೆ ಎಲ್ಲಮ್ಮಾ?"

"ಅಯ್ಯೋ ಬುದ್ಧೀ! ಅದು ಮೇಕೆ ಅಲ್ಲ ಅಂದೋರೂ ನೀವೇ, ನಿಂದೇ ಅಂದೋರೂ ನೀವೇ. ಮಧ್ಯಾಹ್ನ ಬೀಗ್ರು ಬಂದಿದ್ರು, ಚೌಳಹಿರಿಯೂರಿಗೆ ಹೊಡ್ಕೊಂಡ್ ಹೋದ್ರು."

ಗಂಗಾಧರಯ್ಯನವರು ಎಣ್ಣೆ ಜುಟ್ಟಿನಲ್ಲೇ ಚೌಳಹಿರಿಯೂರಿನ ದಾರಿ ಹಿಡಿದರು. ಹಿಂದಿನಿಂದ ಓಂಕಾರಮೂರ್ತಿ ಕೂಗಿದ:

"ಸ್ವಾಮೀ! ಆ ಮೇಕೆ ಯಾವ ಕಂಪನೀದು ಅಂತ ಬರ್ಕೊಂಡಿದ್ರಾ? ಹುಡುಕೋಕೆ ಅನುಕೂಲ ಆಗ್ತಿತ್ತು!"