ಬಾಡಿಗೆದಾರನ ಪರವಾಗಿ

ಶಂಕರಿ: ಮನೆ ಯಾರದ್ದು ದುಗ್ಗಪ್ಪಣ್ಣ? ಅದೊಂದು ಹೇಳಿ, ಸಾಕು.

ದುಗ್ಗಪ್ಪ: ನಿಮ್ಮದೇ ಅಕ್ಕ. ಅಲ್ಲ ಅಂತ ನಾನು ಯಾವಾಗ ಹೇಳಿದೆ?

ಶಂಕರಿ: ಹಾಗಾದ್ರೆ ಬಿಡಿ.

ದುಗ್ಗಪ್ಪ: ಅದೆಂತಕ್ಕೆ?

ಪುತ್ತೂರು ಪೇಟೆಯ ಈ ಹಂಚಿನ ಮನೆ ಕೃಷ್ಣಮೋಹನನಿಗೆ ಸೋದರಮಾವನಿಂದ ಬಂದದ್ದು. ಮಾವನ ಕಾಲದಿಂದ, ಅಂದರೆ ಮೂವತ್ತೊಂದು ವರ್ಷದಿಂದ, ದುಗ್ಗಪ್ಪ ಮತ್ತು ಹೆಂಡತಿ ಲೋಲಾಕ್ಷಿ ಇಲ್ಲಿ ಬಾಡಿಗೆಗಿದ್ದಾರೆ. ಕೃಷ್ಣಮೋಹನನೂ ಬಾಡಿಗೆ ಮನೆಯವನೇ. ಅಲ್ಲಿಯ ಯಜಮಾನರು ಮಗನ ಮದುವೆಯೆಂದು ಬರುವ ತಿಂಗಳೊಳಗೆ ಖಾಲಿ ಮಾಡಲು ಹೇಳಿದ್ದಾರೆ. ಸ್ವಂತ ಮನೆ ಇದ್ದೂ ಬೀದಿಗೆ ಬೀಳುವ ಕಾಲ ಬಂತಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ತಾಲೂಕು ಕಚೇರಿಯೆದುರು ಕೂತು ಇಪ್ಪತ್ತಾರು ವರ್ಷ ಊರವರ ಅರ್ಜಿ ಬರೆದ ಈ ಮಹಾರಾಯನಿಗೆ ತನ್ನ ಮನೆ ಕೇಳಲು ಬಾಯಿ ಬಾರದೆಂದು ಹೆಂಡತಿ ಶಂಕರಿಯೂ ಬೆನ್ನಿಗೆ ಬಂದಿದ್ದಳು.

ಕೃಷ್ಣಮೋಹನ: ನಮಗೆ ಸ್ವಂತ ವಾಸಕ್ಕೆ ಬೇಕು ಮಾರಾಯ್ರೆ.

ದುಗ್ಗಪ್ಪ: ಈಗ ಇರುವಲ್ಲಿಂದ ಏಳಬೇಡಿ ಭಟ್ರೆ. ಯಾರು ಎಂತ ಮಾಡ್ತಾರೆ?

ಕೃಷ್ಣಮೋಹನ: ಬಿಡ್ತೇನೆ ಅಂತ ಮಾತು ಕೊಟ್ಟಾಗಿದೆ.

ದುಗ್ಗಪ್ಪ: ನೋಡಿ, ನಾನು ಆ ತಪ್ಪು ಮಾಡ್ಲಿಲ್ಲ. ನನಗೂ ಕಾನೂನು ಉಂಟು. ತಡೆಯಿರಿ.

ದುಗ್ಗಪ್ಪ ಒಳಗೆ ಹೋಗಿ, ಮಡಚಿ ಮಡಚಿ ಹರಿಯುವಂತಾದ ಒಂದು ಕಾಗದ ತಂದು, ಕನ್ನಡಕ ಏರಿಸಿದ.

ದುಗ್ಗಪ್ಪ: "ಸದರಿ ಬಾಡಿಗೆದಾರರು ಸದರಿ ಬಾವಿಯ ನೀರಿಗೆ ಹೊಂದಿಕೊಂಡಿರುವುದರಿಂದ, ಅನ್ಯ ನೀರು ಅವರ ದೇಹಕ್ಕೆ ಒಗ್ಗತಕ್ಕದ್ದಲ್ಲ."

ಶಂಕರಿ: ಬಾವಿ ನೀರು ಬೇಕಾದ್ರೆ ಕ್ಯಾನಿನಲ್ಲಿ ಕೊಂಡುಹೋಗಿ!

ದುಗ್ಗಪ್ಪ: ಎರಡನೇದು ಕೇಳಿ. "ಯಜಮಾನರಿಗೆ ಬೇಕಾಗಿರುವುದು ಮನೆಯೋ ಅಥವಾ ಹಟವೋ ಎಂಬುದು ವಿಚಾರಣೆಯಿಂದ ಸಿದ್ಧವಾಗತಕ್ಕದ್ದು."

ಶಂಕರಿ: ಹಟವಾ! ಯಾವ ಪಾಪಿ ಬರೆದದ್ದು ಇದನ್ನು? ಅವನ ಕೈಗೆ ಹುಳ ಬೀಳ!

ಕೃಷ್ಣಮೋಹನನಿಗೆ ಕೆಮ್ಮು ಬಂತು. "ಒಗ್ಗತಕ್ಕದ್ದಲ್ಲ" ಎಂದಾಗಲೇ ಅವನಿಗೆ ಅದು ಎಲ್ಲೋ ಕಂಡ ಬರವಣಿಗೆ ಅನ್ನಿಸಿತ್ತು. "ಸಿದ್ಧವಾಗತಕ್ಕದ್ದು" ಎಂಬಲ್ಲಿ ಸಂಶಯವೇ ಉಳಿಯಲಿಲ್ಲ.

ಕೃಷ್ಣಮೋಹನ: ಈ ಕಾಗದ... ನಿಮಗೆ ಎಲ್ಲಿ ಸಿಕ್ಕಿದ್ದು?

ದುಗ್ಗಪ್ಪ: ನಮ್ಮ ವಕೀಲರಿಗೆ ಬಂದದ್ದು. ಕಡಬದ ಆಚೆ ಲೋಲಾಕ್ಷಿಗೆ ತವರಿನ ಪಾಲಿನ ಮನೆ ಒಂದುಂಟು. ಬಾಡಿಗೆಗೆ ಕೊಟ್ಟು ಹದಿನೆಂಟು ವರ್ಷ ಆಯ್ತು. ವಯಸ್ಸಾಯ್ತಲ್ಲ, ಅಲ್ಲಿಗೇ ಹೋಗುವ ಅಂತ ನೋಟೀಸು ಕೊಟ್ರೆ, ಅಲ್ಲಿದ್ದವ ಇದನ್ನು ಕಳಿಸಿದ. ಓದಿ ಓದಿ ಬಾಯಿಪಾಠ ಆಗಿದೆ ನನಗೆ.

ಶಂಕರಿ: ಆ ಮನೆ ಖಾಲಿಯಾದ್ರೆ ಇದನ್ನು ಬಿಡ್ತೀರಾ?

ದುಗ್ಗಪ್ಪ: ಮರುದಿನವೇ. ಲೋಲಾಕ್ಷಿ ದಿನಾ ಅದನ್ನೇ ಹೇಳ್ತಾಳೆ ಪಾಪ.

ಶಂಕರಿ: ಮತ್ತೆಂತ! ಆ ನಾಚಿಕೆಗೆಟ್ಟವ ಯಾರು ಹೇಳಿ. ಇನ್ನೊಬ್ಬರ ಮನೆಯಲ್ಲಿ ಕೂತು ವಯಸ್ಸಾದವರನ್ನು ಗೋಳು ಹೊಯ್ಕೊಳ್ಳುದಾ? ಜುಟ್ಟು ಹಿಡಿದು ಹೊರಗೆ ಹಾಕ್ತೇನೆ!

ಕೃಷ್ಣಮೋಹನ: ಹೊರಡುವಾ ಶಂಕರಿ? ತಡ ಆಯ್ತು.

ಶಂಕರಿ: ನೀವು ಸುಮ್ಮನಿರಿ. ಹೆಸರು ಹೇಳಿ ದುಗ್ಗಪ್ಪಣ್ಣ.

ದುಗ್ಗಪ್ಪ: ಮುರಳಿಕೃಷ್ಣ ಅಂತ. ನೆಟ್ಟಣ ಸ್ಟೇಷನಿನ ಹತ್ತಿರ ಹೋಟೆಲು.

ಶಂಕರಿ ನಿಂತಲ್ಲಿಂದ ಬೆಂಚಿಗೆ ಕುಸಿದಳು. ಮುರಳಿಕೃಷ್ಣ ಅವಳ ಒಡಹುಟ್ಟಿದ ತಮ್ಮ.

ಶಂಕರಿ: ನಮ್ಮ ಮುರಳಿಯಾ? ಅವನಿಗೆ ಹೀಗೆಲ್ಲ ಬರೆಯಲಿಕ್ಕೆ ಬರುದಿಲ್ಲ. ಇದು ಯಾರೋ...

ಅವಳ ಕಣ್ಣು ಮೆಲ್ಲನೆ ಗಂಡನ ಕಡೆ ತಿರುಗಿತು.

ಕೃಷ್ಣಮೋಹನ: ನೀನೇ ಹೇಳಿದ್ದು, ತಮ್ಮನಿಗೊಂದು ಗಟ್ಟಿ ಮಾಡಿ ಬರೆದುಕೊಡಿ ಅಂತ. ವಕೀಲರ ಹೆಸರಿಗೆ ಬರೆದೆ. ಮನೆ ಯಾರದ್ದು ಅಂತ ನಾನು ಕೇಳ್ಲಿಲ್ಲ.

ದುಗ್ಗಪ್ಪ: ಓ, ನೀವಾ! ಹಾಗಾದ್ರೆ ಇದಕ್ಕೆ ತಿರುಗಿಸಿ ಒಂದು ನೀವೇ ಬರೆಯಿರಿ ಮಾರಾಯ್ರೆ. ಅವ ಎದ್ದ ಅಂದ್ರೆ ನಾನೂ ಎದ್ದೆ.

ಕೃಷ್ಣಮೋಹನ ಕಾಗದ ತೆಗೆದುಕೊಂಡು ಎರಡು ಸಲ ಓದಿದ. ಕೈ ಹಾಕಲು ಒಂದು ಸಂದೂ ಸಿಗಲಿಲ್ಲ. ಅಷ್ಟು ಸಂಕಟದಲ್ಲೂ ಅವನಿಗೆ ತುಸು ಹೆಮ್ಮೆಯೇ ಆಯಿತು.

ಕೃಷ್ಣಮೋಹನ: ಆಗುದಿಲ್ಲ ದುಗ್ಗಪ್ಪಣ್ಣ. ಇದನ್ನು ಕಡಿಯಲಿಕ್ಕೆ ಯಾರಿಂದಲೂ ಆಗುದಿಲ್ಲ.

ಶಂಕರಿ: ನನ್ನಿಂದ ಆಗ್ತದೆ.

ಅವಳು ಸೆರಗು ಸಿಕ್ಕಿಸಿ ಎದ್ದಳು.

ಶಂಕರಿ: ನಾಳೆ ಬೆಳಗ್ಗಿನ ಬಸ್ಸಿಗೆ ನೆಟ್ಟಣಕ್ಕೆ ಹೋಗ್ತೇನೆ. ಅಕ್ಕ ಬಂದು ಕೂತರೆ ಏಳು ಅನ್ನಲಿಕ್ಕೆ ಅವನಿಗೆ ಧೈರ್ಯ ಉಂಟಾ? ಅಡಿಗೆಮನೆಯಿಂದ ಹೋಟೆಲಿನವರೆಗೆ ಎಲ್ಲ ನಾನೇ ಸರಿ ಮಾಡ್ತೇನೆ. ಒಂದು ತಿಂಗಳು. ಅವನೇ ಬೇರೆ ಮನೆ ಹುಡುಕ್ತಾನೆ.

ದುಗ್ಗಪ್ಪನಿಗೆ ನಂಬಿಕೆ ಬರಲಿಲ್ಲ. ಅವನು ಕೃಷ್ಣಮೋಹನನ ಮುಖ ನೋಡಿದ.

ದುಗ್ಗಪ್ಪ: ಒಂದು ತಿಂಗಳಲ್ಲಿ ಆಗ್ತದಾ ಭಟ್ರೆ?

ಕೃಷ್ಣಮೋಹನ: ತಿಂಗಳು ಎಂತಕ್ಕೆ ಮಾರಾಯ್ರೆ? ನೀವು ಟೆಂಪೋದವನಿಗೆ ಬರುವ ಆದಿತ್ಯವಾರಕ್ಕೇ ಹೇಳಿಡಿ.